ಆ ಪಟ್ಟಿಯಲ್ಲಿ ಗೆಳತಿಯ ಹೆಸರಿತ್ತು

ಇದು 2012ರಲ್ಲಿ ನಡೆದದ್ದು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನನ್ನ ಹತ್ತಿರ ಸಲಹೆಗೆ ಬರುತ್ತಿದ್ದವರಲ್ಲಿ ಕನ್ನಡದವರೇ ಜಾಸ್ತಿ. ಗಂಡ-ಹೆಂಡತಿ ಜಗಳ, ವೀಸಾ ಚಿಂತೆ, ಊರಲ್ಲಿರುವ ವಯಸ್ಸಾದ ಅಪ್ಪ-ಅಮ್ಮನ ಚಿಂತೆ, ಹೀಗೆ ಏನಾದರೂ ಹೊತ್ತು ಬರುತ್ತಿದ್ದರು. ಈಕೆ ಬಂದದ್ದು ಹಲ್ಲಿನ ಡಾಕ್ಟರ್ ಹೇಳಿದರು ಅಂತ. ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಶಾಲೆಯ ಗುರುತು, ಕೆಲವು ಅಂಕಿಗಳನ್ನು ಬದಲಿಸಿದ್ದೇನೆ. ವಸುಧಾ ಅಂತ ಕರೆಯುತ್ತೇನೆ.

ನಿದ್ದೆಯಲ್ಲಿ ಹಲ್ಲು ಕಡಿದು ಕಡಿದು ಎರಡು ದವಡೆ ಹಲ್ಲು ಸವೆದಿದ್ದವು. ಡಾಕ್ಟರ್ ರಾತ್ರಿ ಹಾಕಿಕೊಳ್ಳಲು ಒಂದು ಪ್ಲಾಸ್ಟಿಕ್ ಕವಚ ಕೊಟ್ಟು, ಮನಸ್ಸಿನಲ್ಲಿ ಏನಿದೆ ಅಂತ ಯಾರ ಹತ್ತಿರವಾದರೂ ಮಾತಾಡಿ ಅಂದಿದ್ದರು. ಮಧ್ಯರಾತ್ರಿ ಎರಡಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. ಮಗನ ಮೇಲೆ ಸುಮ್ನೆ ರೇಗುವುದು. ಶಾಲೆಯಲ್ಲಿ ಎಲ್ಲರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟು, ಡಬ್ಬಿ ತೆಗೆದುಕೊಂಡು ಹೋಗಿ ಕಾರಿನಲ್ಲಿ ಕೂತು ತಿನ್ನುವುದು. ಈ ಕೊನೆಯದನ್ನು ಆಕೆ ಹೇಳಿದ್ದು ಹೊರಡುವ ಹೊತ್ತಿಗೆ, ಬಾಗಿಲ ಹತ್ತಿರ ನಿಂತು, ಅದೇನೂ ದೊಡ್ಡ ವಿಷಯ ಅಲ್ಲ ಅನ್ನುವ ಹಾಗೆ.

ವಸುಧಾ ಆಗ 42ರ ಹೆಣ್ಣುಮಗಳು, ಒಂದು ಸರ್ಕಾರಿ ಶಾಲೆಯಲ್ಲಿ ಗಣಿತದ ಟೀಚರ್. ಅಲ್ಲಿನ ಶಿಕ್ಷಕರ ಯೂನಿಯನ್ನಿನ ಬಾರ್ಗೇನಿಂಗ್ ಟೀಮಿನಲ್ಲಿ, ಅಂದರೆ ಆಡಳಿತದ ಜೊತೆ ಒಪ್ಪಂದದ ಮಾತುಕತೆ ನಡೆಸುವ ತಂಡದಲ್ಲಿ, ಎರಡು ವರ್ಷದಿಂದ ಇದ್ದರು. ಲೆಕ್ಕ ಚೆನ್ನಾಗಿ ಗೊತ್ತು ಅಂತ ಎಲ್ಲರೂ ಸೇರಿ ಕೂರಿಸಿದ್ದು. ಡಿಸ್ಟ್ರಿಕ್ಟಿನವರು, ಅಂದರೆ ಆ ಪ್ರದೇಶದ ಶಾಲೆಗಳನ್ನು ನಡೆಸುವ ಆಡಳಿತದವರು, ಮೇಜಿನ ಆ ಕಡೆಯಿಂದ ಬಜೆಟ್ ಹಾಳೆ ಕೊಟ್ಟರೆ ಈ ಕಡೆ ಓದಿ ಅರ್ಥ ಮಾಡಿಕೊಳ್ಳುವುದು ಇವರ ಕೆಲಸ.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು, ಇಲ್ಲದಿದ್ದರೆ ಆಕೆಯ ಸಂಕಟ ಅರ್ಥವಾಗುವುದಿಲ್ಲ. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರಾಪೊಸಿಷನ್ 13 ಅನ್ನುವ ಪ್ರಸ್ತಾವವನ್ನು ನೇರ ಮತದಾನದಲ್ಲಿ ಪಾಸು ಮಾಡಿ ಮನೆ-ಜಮೀನಿನ ಮೇಲಿನ ತೆರಿಗೆಗೆ ಮಿತಿ ಹಾಕಿದರು. ಅಲ್ಲಿಂದ ಮುಂದೆ ಶಾಲೆಗಳು ಹಣಕ್ಕೆ ಬಹುಪಾಲು ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೋ ಕಡೆಗೇ ನೋಡಬೇಕಾಯಿತು. 2008ರ ಕುಸಿತದಲ್ಲಿ ರಾಜ್ಯದ ಆದಾಯ ಬಿತ್ತು, ಶಾಲೆಗಳ ಹಣವೂ ಬಿತ್ತು. ಎಷ್ಟರ ಮಟ್ಟಿಗೆ ಅಂದರೆ, ವರ್ಷಕ್ಕೆ 180 ದಿನ ಇರಬೇಕಾದ ಪಾಠವನ್ನು 175ಕ್ಕೆ ಇಳಿಸಿಕೊಳ್ಳಿ ಅಂತ ರಾಜ್ಯವೇ 2009ರಲ್ಲಿ ಅನುಮತಿ ಕೊಟ್ಟಿತು. ಮಕ್ಕಳ ಐದು ದಿನದ ಪಾಠ ಹೋಯಿತು, ಟೀಚರುಗಳ ಅಷ್ಟು ದಿನದ ಸಂಬಳವೂ ಹೋಯಿತು. ಇದಕ್ಕೆ ಫರ್ಲೋ ಅನ್ನುತ್ತಾರೆ. ಹೆಸರಿಗೆ ರಜೆ, ಸಂಬಳ ಮಾತ್ರ ಇಲ್ಲ.

ಇನ್ನೊಂದು ಪಿಂಕ್ ಸ್ಲಿಪ್. ಮುಂದಿನ ವರ್ಷ ಕೆಲಸ ಇಲ್ಲದೆ ಹೋಗಬಹುದು ಅನ್ನುವ ನೋಟಿಸನ್ನು ಮಾರ್ಚ್ 15ರ ಒಳಗೆ ಕೊಡಬೇಕು, ಕೊನೆಯ ತೀರ್ಮಾನ ಮೇ 15ರ ಒಳಗೆ. ಅದು ಗುಲಾಬಿ ಬಣ್ಣದ್ದೂ ಅಲ್ಲ, ಬಿಳಿ ಹಾಳೆ, ಪಡೆದುಕೊಂಡೆ ಅಂತ ಸಹಿ ಹಾಕಬೇಕು. ಕೆಲಸಕ್ಕೆ ಕೊನೆಗೆ ಸೇರಿದವರು ಮೊದಲು ಹೊರಗೆ. ಹಾಗಾಗಿ ಡಿಸ್ಟ್ರಿಕ್ಟಿನ ಆಡಳಿತ ಮಂಡಳಿ, ಅಂದರೆ ಬೋರ್ಡು, ಎಷ್ಟು ಹುದ್ದೆ ತೆಗೆಯುತ್ತದೆ ಅಂತ ಗೊತ್ತಾದರೆ ಸಾಕು, ಸೀನಿಯಾರಿಟಿ ಪಟ್ಟಿ ಹಿಡಿದು ಕೆಳಗಿನಿಂದ ಎಣಿಸಿದರೆ ಯಾರು ಅಂತ ಗೊತ್ತಾಗುತ್ತದೆ.

ವಸುಧಾ ಎಣಿಸಿದ್ದರು. ಒಂದು ಶುಕ್ರವಾರ ರಾತ್ರಿ, ಊಟದ ಮೇಜಿನ ಮೇಲೆ, ಸ್ಕೇಲ್ ಇಟ್ಟುಕೊಂಡು ಒಂದೊಂದೇ ಸಾಲು ಮೇಲಕ್ಕೆ ಸರಿಸುತ್ತಾ. ಎಣಿಕೆ ಮುಗಿಯಲು ಇನ್ನೂ ನಾಲ್ಕು ಇರುವಾಗ ಸ್ಕೇಲಿನ ಅಂಚಿಗೆ ಒಂದು ಹೆಸರು ಬಂತು. ಪಕ್ಕದ ತರಗತಿಯ ಇಂಗ್ಲಿಷ್ ಟೀಚರ್, ಮೆಕ್ಸಿಕೋ ಮೂಲದ ಮನೆಯ ಹುಡುಗಿ, ಸೇರಿ ಮೂರನೆಯ ವರ್ಷ. ದಿನಾ ಬೆಳಿಗ್ಗೆ ಇಬ್ಬರೂ ಒಂದೇ ಕಾರಿನಲ್ಲಿ ಹೋಗುತ್ತಿದ್ದರು. ಚಟ್ನಿಪುಡಿ ಅಂದರೆ ಆ ಹುಡುಗಿಗೆ ಪ್ರಾಣ, ಬ್ರೆಡ್ಡಿಗೂ ಸವರಿಕೊಂಡು ತಿನ್ನುತ್ತಿದ್ದಳಂತೆ. ಮಾತುಕತೆಯ ನಿಯಮದ ಪ್ರಕಾರ ಮೇಜಿನ ಮೇಲೆ ನಡೆದದ್ದನ್ನು ಹೊರಗೆ ಹೇಳುವ ಹಾಗಿಲ್ಲ. ಸೋಮವಾರ ಬೆಳಿಗ್ಗೆ ಕಾರು ಹತ್ತಿದ ಆ ಹುಡುಗಿ ಬೇಸಿಗೆಯಲ್ಲಿ ಮನೆ ಬದಲಾಯಿಸುತ್ತೇನೆ, ಮುಂಗಡ ಕಟ್ಟುತ್ತಿದ್ದೇನೆ ಅಂತ ಖುಷಿಯಲ್ಲಿ ಹೇಳಿಕೊಂಡಳು. ವಸುಧಾ ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಾ ಒಳ್ಳೇದಾಯ್ತು ಅಂದರು.

'ಒಳ್ಳೇದಾಯ್ತು ಅಂದೆ ಮೇಡಂ. ನನ್ನ ಬಾಯಿಂದಲೇ.' ಇದನ್ನು ಆಕೆ ಮೂರು ಸಲ ಹೇಳಿದರು.

ಆಗ ನಾನೊಂದು ತಪ್ಪು ಮಾಡಿದೆ. ಕಣ್ಣೆದುರು ಒಬ್ಬರು ಹಾಗೆ ನೊಂದುಕೊಂಡು ಕೂತಿರುವಾಗ ಬಾಯಿಗೆ ಮೊದಲು ಬರುವ ಮಾತೇ ಬಂತು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಅಂದುಬಿಟ್ಟೆ. ಆಕೆ ಸುಮ್ಮನಾದರು. ಉಳಿದ ಇಪ್ಪತ್ತು ನಿಮಿಷ ಹೂಂ, ಉಹೂಂ ಅಷ್ಟೇ. ತಪ್ಪಿದೆ ಅಂತ ನಂಬಿಕೊಂಡು ಬಂದವರಿಗೆ ತಪ್ಪಿಲ್ಲ ಅಂದರೆ ಅವರ ಮಾತನ್ನು ಕೇಳಿಸಿಕೊಳ್ಳದೆ ಬಾಗಿಲು ಹಾಕಿದ ಹಾಗೆಯೇ ಅಲ್ವಾ. ಮುಂದಿನ ವಾರ ಮೊದಲು ಕ್ಷಮೆ ಕೇಳಿದೆ. ಆಮೇಲೆ ಲೆಕ್ಕದವರ ಹತ್ತಿರ ಲೆಕ್ಕದ ದಾರಿಯಲ್ಲೇ ಹೋಗೋಣ ಅಂತ ಒಂದು ಪ್ರಶ್ನೆ ಕೇಳಿದೆ. ಕಾಗದದ ಮೇಲೆ, ಕಾನೂನಿನಲ್ಲಿ, ಒಬ್ಬರನ್ನು ತೆಗೆಯುವ ಅಧಿಕಾರ ಯಾರಿಗಿದೆ?

ಬೋರ್ಡಿಗೆ, ಅಂದರು ತಕ್ಷಣ. ಅಲ್ಲಿ ಶಾಲಾ ನೌಕರರಿಗೆ ಸಾಮೂಹಿಕ ಚೌಕಾಸಿಯ ಹಕ್ಕು ಕೊಟ್ಟ ಕಾಯ್ದೆ 1975ರದ್ದು. ಸಂಬಳ, ಕೆಲಸದ ಹೊತ್ತು, ತರಗತಿಯಲ್ಲಿ ಎಷ್ಟು ಮಕ್ಕಳು, ಇವೆಲ್ಲ ಮೇಜಿಗೆ ಬರುತ್ತವೆ. ಹಣವಿಲ್ಲ ಅಂತ ಹುದ್ದೆ ತೆಗೆಯುವ ತೀರ್ಮಾನ ಮಾತ್ರ ಬೋರ್ಡಿನದೇ, ಅದರಿಂದ ಆಗುವ ಪರಿಣಾಮದ ಬಗ್ಗೆ ಮಾತ್ರ ಯೂನಿಯನ್ ಚೌಕಾಸಿ ಮಾಡಬಹುದು. ಇದನ್ನೆಲ್ಲ ಆಕೆಯೇ ನನಗೆ ವಿವರಿಸಿದ್ದು, ಮಕ್ಕಳಿಗೆ ಪಾಠ ಹೇಳುವ ಹಾಗೆ. ಹೇಳುತ್ತಾ ಹೇಳುತ್ತಾ ತಾನೇ ನಿಲ್ಲಿಸಿದರು. ಹಾಗಾದರೆ ನಿಮ್ಮ ಕೈಯಲ್ಲಿರುವುದು ಯಾವುದು ಅಂತ ಕೇಳಿದೆ. ಎಂಟು ದಿನ, ಅಂದರು.

ಎಂಟು ಫರ್ಲೋ ದಿನಗಳಿಗೆ ಯೂನಿಯನ್ ಒಪ್ಪಿದರೆ ಅದರಿಂದ ಉಳಿಯುವ ಹಣಕ್ಕೆ ತಕ್ಕಷ್ಟು ನೋಟಿಸುಗಳನ್ನು ವಾಪಸ್ ಪಡೆಯುತ್ತೇವೆ ಅಂತ ಡಿಸ್ಟ್ರಿಕ್ಟ್ ಹೇಳಿತ್ತು. ಎಲ್ಲರ ವರ್ಷದ ಸಂಬಳದಲ್ಲಿ ಸುಮಾರು ನಾಲ್ಕು ಪರ್ಸೆಂಟ್ ಹೋಗುತ್ತದೆ. ಹಿರಿಯ ಟೀಚರುಗಳಿಗೆ ಸಿಟ್ಟು. ಪಿಂಚಣಿ ಲೆಕ್ಕ ಹಾಕುವುದು ಅತಿ ಹೆಚ್ಚು ಸಂಬಳ ಬಂದ ಕಾಲದ ಮೇಲೆ, ಸಾಮಾನ್ಯವಾಗಿ ಅದು ಕೊನೆಯ ವರ್ಷಗಳೇ, ನಿವೃತ್ತಿಗೆ ಎರಡು ವರ್ಷ ಇರುವವರಿಗೆ ಈ ಭಯ ಸಣ್ಣದಲ್ಲ. ಆ ಗೆಳತಿಗೋಸ್ಕರ ನಮ್ಮ ಹೊಟ್ಟೆ ಮೇಲೆ ಹೊಡೀತಿದ್ದೀಯಾ ಅಂತ ಒಬ್ಬರು ಕಾರಿಡಾರಿನಲ್ಲೇ ಕೇಳಿದ್ದರಂತೆ.

ಮನೆಯಲ್ಲೂ ಸಮಾಧಾನ ಇರಲಿಲ್ಲ. ಗಂಡ ಸಾಫ್ಟ್‌ವೇರ್ ಕಂಪನಿಯಲ್ಲಿ. ಅಲ್ಲಿ ಯೂನಿಯನ್ ಇಲ್ಲ, ಕೆಲಸ ಹೋದರೆ ಒಂದೇ ದಿನದಲ್ಲಿ ಹೋಗುತ್ತದೆ. 'ನಿನಗ್ಯಾಕೆ ಊರ ಉಸಾಬರಿ, ನಿನ್ನ ಪಾಠ ನೀನು ಮಾಡು' ಅನ್ನುತ್ತಿದ್ದರು. ಯುಗಾದಿ ಹೊತ್ತಿಗೆ ಕನ್ನಡ ಕೂಟದ ಕಾರ್ಯಕ್ರಮದಲ್ಲಿ, ಹೋಳಿಗೆ ಸಾಲಿನಲ್ಲಿ ನಿಂತಾಗ, ನಿಮ್ಮ ಯೂನಿಯನ್ನಿನವರು ಮಕ್ಕಳ ಸ್ಕೂಲ್ ದಿನಾನೇ ಕಡಿಮೆ ಮಾಡ್ತಿದಾರಂತೆ ಅಂತ ಒಬ್ಬರು ಪರಿಚಯದವರು ಕೇಳಿದ್ದರು. ಆಕೆ ತಟ್ಟೆ ಅಲ್ಲೇ ಇಟ್ಟು ಮನೆಗೆ ಬಂದಿದ್ದರು.

ಇಷ್ಟಾದರೂ ಹಲ್ಲು ಸವೆಯುವಷ್ಟು ಯಾಕೆ ಅಂತ ನನಗೆ ಇನ್ನೂ ಹಿಡಿತ ಸಿಕ್ಕಿರಲಿಲ್ಲ. ನಾಲ್ಕನೆಯ ಸಲ ಬಂದಾಗ ಸಿಕ್ಕಿತು. ವಸುಧಾ ಅವರ ತಂದೆ ದಾವಣಗೆರೆಯಲ್ಲಿ ಹತ್ತಿ ಗಿರಣಿಯ ಕೆಲಸಗಾರ, ಕಾರ್ಮಿಕ ಸಂಘದಲ್ಲಿ ಸಣ್ಣ ಜವಾಬ್ದಾರಿ ಇತ್ತು. ಒಂದೊಂದೇ ಗಿರಣಿ ಬಾಗಿಲು ಹಾಕಿದ ಕಾಲ ಅದು. ಅಪ್ಪಾಜಿ ಸಹಿ ಹಾಕಿದ ಒಂದು ಒಪ್ಪಂದದ ಮೇಲೆ ಕೆಲವರು ಒಳಗೆ ಉಳಿದರು, ಕೆಲವರು ಹೊರಗಾದರು. ಹೊರಗಾದವರು ರಾತ್ರಿ ಮನೆ ಮುಂದೆ ಬಂದು ನಿಂತು ಬೈದರು. ಈಕೆ ಆಗ ಹನ್ನೊಂದು ವರ್ಷದ ಹುಡುಗಿ, ಅಮ್ಮನ ಸೆರಗು ಹಿಡಿದು ಕಿಟಕಿ ಹಿಂದೆ ನಿಂತಿದ್ದಳು. ಅವತ್ತಿನಿಂದ ಅಪ್ಪಾಜಿ ಮಂಡಕ್ಕಿ-ಮಿರ್ಚಿ ಅಂಗಡಿ ಕಡೆ ಹೋಗುವುದನ್ನು ಬಿಟ್ಟರು. ದಿನಾ ಸಂಜೆ ಗೆಳೆಯರ ಜೊತೆ ಅಲ್ಲಿ ಕೂರುತ್ತಿದ್ದ ಮನುಷ್ಯ ಆಮೇಲೆ ಮನೆಯಲ್ಲಿ ಒಬ್ಬರೇ ಕೂತು ತಿನ್ನುತ್ತಿದ್ದರು.

ಕಾರಿನಲ್ಲಿ ಡಬ್ಬಿ ತೆಗೆದು ತಿನ್ನುತ್ತೀರಲ್ಲ, ಅಂದೆ. ಆಕೆ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅತ್ತರು, ತುಂಬಾ ಹೊತ್ತು.

ಸಲಹೆ ಅಂತ ನಾನು ಕೊಟ್ಟದ್ದು ಇದಾದ ಮೇಲೆ. ಮೊದಲನೆಯದು ಗೆಳತಿಯ ವಿಷಯ. ಗುಟ್ಟು ಬಿಟ್ಟುಕೊಡುವ ಹಾಗಿಲ್ಲ ಸರಿ, ಗುಟ್ಟು ಇದೆ ಅಂತ ಹೇಳಲು ಯಾವ ನಿಯಮವೂ ಅಡ್ಡ ಬರುವುದಿಲ್ಲ. ನಾನು ಟೀಮಿನಲ್ಲಿದ್ದೇನೆ, ಕೆಲವು ವಿಷಯ ಗೊತ್ತಿದ್ದರೂ ಹೇಳುವ ಹಾಗಿಲ್ಲ, ಮೇ ತಿಂಗಳ ತನಕ ಹಣದ ದೊಡ್ಡ ತೀರ್ಮಾನಗಳನ್ನು ಯಾರೂ ಮಾಡದೆ ಇರುವುದು ಒಳ್ಳೆಯದು ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೇನೆ, ನಿನಗೂ ಹೇಳುತ್ತೇನೆ. ಇಷ್ಟು ಹೇಳಿ ಅಂದೆ. ಇಬ್ಬರೂ ಕೂತು ಆ ಮಾತನ್ನು ನಾಲ್ಕೈದು ಸಲ ಜೋರಾಗಿ ಹೇಳಿ ಅಭ್ಯಾಸ ಮಾಡಿದೆವು. ಮೊದಲ ಎರಡು ಸಲ ಆಕೆಯ ಗಂಟಲು ಕಟ್ಟಿತು. ಬುಧವಾರ ಕಾರಿನಲ್ಲಿ ಹೇಳಿದರಂತೆ. ಹುಡುಗಿ ಕಿಟಕಿ ಕಡೆ ತಿರುಗಿದಳು, ಏನೂ ಕೇಳಲಿಲ್ಲ. ಮನೆಯ ಮುಂಗಡ ಮಾತ್ರ ಕಟ್ಟಲಿಲ್ಲ.

ಎರಡನೆಯದು, ಶಾಲೆಯ ಸಭೆಗಳಿಗೆ ಒಬ್ಬರೇ ಹೋಗಬೇಡಿ. ಟೀಮಿನ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ, ಅಂಕಿ ನೀವು ಹೇಳಿ, ಸಿಟ್ಟಿನ ಪ್ರಶ್ನೆಗೆ ಅವರು ಉತ್ತರ ಕೊಡಲಿ. ಮತ ಹಾಕುವವರು ಸದಸ್ಯರು, ಅವರ ಮುಂದೆ ಎರಡೂ ದಾರಿಯ ಲೆಕ್ಕ ಇಡುವುದು ನಿಮ್ಮ ಕೆಲಸ. ಫಲಿತಾಂಶ ಏನೇ ಬಂದರೂ ಅದು ನೀವೊಬ್ಬರೇ ಹಾಕಿದ ಸಹಿ ಅಲ್ಲ. ಅಪ್ಪಾಜಿ ವಿಷಯದಲ್ಲಿ ಹಾಗಿತ್ತೇ ಅಂತ ನನಗೆ ಗೊತ್ತಿಲ್ಲ, ಅವರನ್ನೇ ಒಂದು ಸಲ ಕೇಳಿ ಅಂದೆ. ಮೂವತ್ತು ವರ್ಷದಲ್ಲಿ ಆ ರಾತ್ರಿಯ ಬಗ್ಗೆ ಅಪ್ಪ-ಮಗಳು ಒಂದು ಮಾತೂ ಆಡಿರಲಿಲ್ಲ.

ಊಟ ಎಲ್ಲರ ಜೊತೆ ಮಾಡಿ ಅಂತಲೂ ಹೇಳಿದೆ. ಇದು ಚಿಕ್ಕ ಸಲಹೆ ಅನ್ನಿಸಬಹುದು, ಆಕೆಗೆ ಎಲ್ಲಕ್ಕಿಂತ ಕಷ್ಟ ಆದದ್ದು ಇದೇ. ಮೊದಲ ದಿನ ಹತ್ತು ನಿಮಿಷ ಕೂತು ಎದ್ದರು. ಕಾರಿಡಾರಿನಲ್ಲಿ ರೇಗಿದ್ದ ಹಿರಿಯ ಟೀಚರ್ ಎದುರಿಗೇ ಇದ್ದರು, ಉಪ್ಪು ಈ ಕಡೆ ಕೊಡ್ತೀರಾ ಅಂತ ಕೇಳಿದರು. ಅಷ್ಟೇ ನಡೆದದ್ದು. ಆ ರಾತ್ರಿ ಎರಡಕ್ಕೆ ಎಚ್ಚರ ಆಗಲಿಲ್ಲ.

ಗಂಡನನ್ನು ಒಂದು ಸಲ ಕರೆಸಿದೆ. ಒಳ್ಳೆಯ ಮನುಷ್ಯ, ಹೆಂಡತಿ ಕರಗಿ ಹೋಗುತ್ತಿರುವುದನ್ನು ನೋಡಲಾಗದೆ ಬಿಟ್ಟುಬಿಡು ಅನ್ನುತ್ತಿದ್ದರು. ಗಿರಣಿ ಕಥೆ ಅವರಿಗೂ ಗೊತ್ತಿರಲಿಲ್ಲ. ಆಮೇಲಿನಿಂದ ರಾತ್ರಿ ಒಂಬತ್ತರ ನಂತರ ಬರುವ ಯೂನಿಯನ್ ಫೋನುಗಳನ್ನು ಅವರೇ ತೆಗೆದು, ನಾಳೆ ಮಾಡಿ ಅಂತ ಹೇಳತೊಡಗಿದರು.

ಮತದಾನದಲ್ಲಿ ಎಂಟು ದಿನಕ್ಕೆ ಒಪ್ಪಿಗೆ ಸಿಕ್ಕಿತು. ಒಪ್ಪಂದದಲ್ಲಿ ಒಂದು ಸಾಲು ಸೇರಿಸಲು ವಸುಧಾ ಪಟ್ಟು ಹಿಡಿದಿದ್ದರು: ನವೆಂಬರಿನಲ್ಲಿ ಪ್ರಾಪೊಸಿಷನ್ 30 ಗೆದ್ದರೆ ಆ ದಿನಗಳನ್ನು ವಾಪಸ್ ಕೊಡಬೇಕು ಅಂತ. ಗವರ್ನರ್ ಜೆರ್ರಿ ಬ್ರೌನ್ ತಂದದ್ದು ಅದು, ಜಾಸ್ತಿ ಆದಾಯ ಇರುವವರ ಮೇಲೆ ಏಳು ವರ್ಷ ಹೆಚ್ಚಿನ ತೆರಿಗೆ, ಸೇಲ್ಸ್ ಟ್ಯಾಕ್ಸ್ ನಾಲ್ಕು ವರ್ಷ ಕಾಲು ಪರ್ಸೆಂಟ್ ಏರಿಕೆ. ಸೋತರೆ ಶಾಲೆಗಳಿಗೆ ವರ್ಷದ ನಡುವೆಯೇ ಇನ್ನೂ ದೊಡ್ಡ ಕಡಿತ ಕಾದಿತ್ತು. ಬೇಸಿಗೆಯಲ್ಲಿ ಆಕೆ ಮನೆಮನೆಗೆ ಫೋನ್ ಮಾಡುವ ಕೆಲಸಕ್ಕೆ ಹೋದರು. ನಾನು ಬೇಡ ಅನ್ನಲಿಲ್ಲ, ನಿದ್ದೆ ಸರಿ ಇತ್ತು.

ನೋಟಿಸು ಬಂದವರಲ್ಲಿ ಎಲ್ಲರೂ ಉಳಿಯಲಿಲ್ಲ. ಗೆಳತಿಯ ನೋಟಿಸು ಮೇ ತಿಂಗಳಲ್ಲಿ ವಾಪಸ್ ಬಂತು. ಮೂರು ಜನಕ್ಕೆ ಬರಲಿಲ್ಲ, ಅವರಲ್ಲಿ ಒಬ್ಬರು ಲೈಬ್ರರಿಯವರು. ಅವರ ಹೆಸರು ಮರುನೇಮಕದ ಪಟ್ಟಿಗೆ ಹೋಯಿತು, ಕಾಯಂ ಆಗಿದ್ದವರಿಗೆ ಆ ಹಕ್ಕು 39 ತಿಂಗಳು. ಗೆಳತಿ ಉಳಿಯಬಹುದಾಗಿದ್ದರೂ ಪ್ರತಿ ಮಾರ್ಚ್ ಹೀಗೆ ಬದುಕಲಾರೆ ಅಂತ ಬೇರೆ ಡಿಸ್ಟ್ರಿಕ್ಟಿಗೆ ಹೋದಳು. ಹೋಗುವಾಗ ತಬ್ಬಿಕೊಂಡಳು, ಮೊದಲಿನ ಸಲಿಗೆ ಇರಲಿಲ್ಲ. ವಸುಧಾ ಇದನ್ನು ಹೇಳಿ ಸುಮ್ಮನೆ ಕೂತರು, ನಾನೂ ಸುಮ್ಮನೆ ಕೂತೆ. ಇದನ್ನು ಸರಿಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ.

ನವೆಂಬರ್ 6ರಂದು ಪ್ರಾಪೊಸಿಷನ್ 30 ಗೆದ್ದಿತು. ಫರ್ಲೋ ದಿನಗಳು ವಾಪಸ್ ಬಂದವು. ಆ ತಿಂಗಳ ಕೊನೆಗೆ ವಸುಧಾ ಕೊನೆಯ ಸಲ ಬಂದರು. ಅಪ್ಪಾಜಿಗೆ ಫೋನ್ ಮಾಡಿ ಎಲ್ಲ ಹೇಳಿದ್ದರಂತೆ, ಪಟ್ಟಿ, ಸ್ಕೇಲು, ಕಾರಿನಲ್ಲಿ ಡಬ್ಬಿ, ಎಲ್ಲ. ಮುದುಕರು ಕೇಳಿಸಿಕೊಂಡು ಮೊದಲು ಕೇಳಿದ್ದು, 'ಎಷ್ಟು ಮಂದಿ ಉಳಕಂಡ್ರವಾ?' ಈಕೆ ಹೇಳಿದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, 'ಉಳೀದೇ ಇದ್ದೋರ ಮನಿಗೆ ಹೋಗಿ ಬಂದ್ಯಾ? ನಾ ಹೋಗಲಿಲ್ಲ. ಹೋಗಬೇಕಿತ್ತು.'

ಆ ಸಲಹೆ ನನಗೆ ಹೊಳೆದೇ ಇರಲಿಲ್ಲ. ವಸುಧಾ ಅದಾಗಲೇ ಲೈಬ್ರರಿಯವರ ಮನೆಗೆ ಹೋಗಿ ಬಂದಿದ್ದರು. ಇನ್ನಿಬ್ಬರ ಮನೆಗೆ ಶನಿವಾರ ಹೋಗುತ್ತೇನೆ ಅಂದರು. ಏನು ತಗೊಂಡು ಹೋಗಲಿ ಅಂತ ಕೇಳಿದರು, ಬರಿಗೈಲಿ ಹೋಗಬೇಡಿ ಅಂದೆ.