ಅವಶೇಷದಡಿ ಸಿಲುಕಿದವರನ್ನು ಹೊರತೆಗೆಯುವ ಮೊದಲೇ ವೈದ್ಯರು ಸಲೈನ್ ಏಕೆ ಹಾಕುತ್ತಾರೆ?

ಭಾರ ಎತ್ತಿದ ಗಳಿಗೆಯೇ ಅವರಿಗೆ ಅತ್ಯಂತ ಅಪಾಯದ ಗಳಿಗೆ, ಅದಕ್ಕೆ. ತೊಲೆಯೋ ಗೋಡೆಯೋ ತೊಡೆಯ ಮೇಲೆ ಗಂಟೆಗಟ್ಟಲೆ ಬಿದ್ದಿದ್ದರೆ ಅಡಿಯ ಸ್ನಾಯು ಜಜ್ಜಿ ಸಾಯುತ್ತದೆ. ಒತ್ತಡ ಇರುವಷ್ಟು ಹೊತ್ತು ಅದರೊಳಗಿನ ಪೊಟ್ಯಾಸಿಯಮ್ ಮತ್ತು ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ಬಹುಮಟ್ಟಿಗೆ ಅಲ್ಲೇ ಉಳಿದಿರುತ್ತವೆ. ಭಾರ ಸರಿದೊಡನೆ ರಕ್ತ ಮತ್ತೆ ಹರಿದು ಎರಡನ್ನೂ ಮೈಗೆಲ್ಲ ಒಯ್ಯುತ್ತದೆ. ಪೊಟ್ಯಾಸಿಯಮ್ ಹೃದಯವನ್ನೇ ನಿಲ್ಲಿಸಬಲ್ಲದು. ಮಯೋಗ್ಲೋಬಿನ್ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ನಗುತ್ತಾ ಹೊರಬಂದವರು ಸ್ವಲ್ಪ ಹೊತ್ತಿನಲ್ಲೇ ಕುಸಿಯುವುದು ಹೀಗೆ.

ಆದ್ದರಿಂದ ಒಂದು ಕೈ ಹೊರಗೆ ಕಂಡರೂ ಸಾಕು, ಅಲ್ಲೇ ಸೂಜಿ ಚುಚ್ಚಿ ಸಲೈನ್ ಹರಿಸಲಾಗುತ್ತದೆ. ಮೂತ್ರಪಿಂಡ ತೊಳೆದುಕೊಳ್ಳಲು ನೀರು ಬೇಕಲ್ಲ. ಎಲ್ಲ ಬಾಟಲಿಯೂ ಒಂದೇ ಅಲ್ಲ: ರಿಂಗರ್ ಲ್ಯಾಕ್ಟೇಟ್ ಎಂಬ, ನರಕ್ಕೆ ಹಾಕುವ ಇನ್ನೊಂದು ದ್ರವದಲ್ಲಿ ಪೊಟ್ಯಾಸಿಯಮ್ ಇರುವುದರಿಂದ ಇಲ್ಲಿ ಅದನ್ನು ದೂರವಿಡುತ್ತಾರೆ.

1988ರ ಆರ್ಮೇನಿಯಾ ಭೂಕಂಪದಲ್ಲಿ ಹೀಗೆ ನೂರಾರು ಜನರ ಮೂತ್ರಪಿಂಡ ಕೈಕೊಟ್ಟಿತು. ಹೊರದೇಶಗಳಿಂದ ಡಯಾಲಿಸಿಸ್ (ಯಂತ್ರದಿಂದ ರಕ್ತ ಶುದ್ಧಿ ಮಾಡುವುದು) ನೆರವು ಬಂದರೂ ನೆರವು ತಂದವರ ನಡುವೆ ಹೊಂದಾಣಿಕೆ ಇರಲಿಲ್ಲ. ಆ ಪಾಠದಿಂದಲೇ ಅಂತರರಾಷ್ಟ್ರೀಯ ಮೂತ್ರಪಿಂಡ ತಜ್ಞರ ಸಂಘ ಇಂಥ ದುರಂತಗಳಿಗೆಂದೇ ಸ್ವಯಂಸೇವಕ ವೈದ್ಯರು, ದಾದಿಯರು, ಯಂತ್ರ ನಡೆಸುವವರ ಪಡೆಯೊಂದನ್ನು ಕಟ್ಟಿತು. 1999ರಲ್ಲಿ ಟರ್ಕಿಯ ಭೂಕಂಪದಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡಿತು.