ಲಕ್ವಾ ಹೊಡದವ್ರಿಗೆ ಫಿಸಿಯೋಥೆರಪಿ ಮಾಡಿಸಿದ್ರ ನಿಜವಾಗ್ಲೂ ಉಪಯೋಗ ಐತೇನ್ರಿ?

ಗದಗ ಕಡಿ ಹಳ್ಳ್ಯಾಗಿರೋ ನಿಮ್ಮ ಅಪ್ಪಾರಿಗೆ ಲಕ್ವಾ ಹೊಡದು ಎರಡ ತಿಂಗಳಾತು, ಬಲಗೈ ಬಲಗಾಲು ಬಿದ್ದಾವು, ಮಾತೂ ಬರವಲ್ದು, ಮಂದಿ ಎಲ್ಲಾ ಥೆರಪಿ ಅಂದ್ರ ರೊಕ್ಕ ದಂಡ ಅಂತಾರ, ಏನ್ ಮಾಡ್ಲಿ ಅಂತ ಕೇಳೀರಿ. ಮಾಡಸ್ರಿ, ಇನ್ನೊಂದ್ ವಾರ ನೋಡೂಣು ಅನ್ನಬ್ಯಾಡ್ರಿ. ನಾ ಹುಬ್ಬಳ್ಳ್ಯಾಗ ಫಿಸಿಯೋಥೆರಪಿಸ್ಟ್ ಅದೀನಿ, ಇಂಥ ಪೇಶಂಟ್‌ಗಳ ಮನಿಗೇ ಹೋಗಿ ಎಕ್ಸರ್‌ಸೈಜ್ ಮಾಡಸೂದ ನನ್ನ ಕೆಲ್ಸ.

ಲಕ್ವಾ (ಸ್ಟ್ರೋಕ್) ಹೊಡದಾಗ ಮಿದುಳಿನಾಗ ಸತ್ತ ಭಾಗ ತಿರುಗಿ ಜೀವಾ ಹಿಡಿಯಂಗಿಲ್ಲ, ಖರೆ. ಆದ್ರ ಉಳದ ಭಾಗಗಳು ಆ ಕೆಲ್ಸ ಕಲೀತಾವು, ಅದೂ ದಿನಾ ಮತ್ತ ಮತ್ತ ಅದನ್ನ ಮಾಡಿಸಿದ್ರ ಮಾತ್ರ. ಮೊದಲಿನ 3 ತಿಂಗಳದಾಗ ಸುಧಾರಣಿ ಭಾಳ ಜೋರ್ ಇರ್ತೈತಿ, 6 ತಿಂಗಳ ಆದ್ಮ್ಯಾಲೆ ಸಾವಕಾಶ ಆಗ್ತೈತಿ, ಆದ್ರ ಅಲ್ಲಿಗೇ ಮುಗೀತು ಅಂತಲ್ಲ. ಎಣ್ಣಿ ಹಚ್ಚಿ ತಿಕ್ಕಸ್ಕೊಂಡ್ರ ಹಿತ ಅನಸ್ತೈತಿ, ಆದ್ರ ಪೇಶಂಟ್ ತಾನ ಜೋರ್ ಹಾಕಿದ್ರನ ಮಿದುಳು ಕಲಿಯೂದು.

ಎಲ್ಲಾರೂ ನನ್ನ ಕೇಳೂದು "ಮೊದ್ಲಿನಂಗ ಆಗ್ತಾರೇನ್ರಿ" ಅಂತ. ನಾ ತಿರುಗಿ ಕೇಳೂದು, ಸಂಡಾಸಕ್ಕ ಯಾರ್ ಕರ್ಕೊಂಡ್ ಹೋಗ್ತೀರಿ, ಅಂಗಿ ಯಾರ್ ತೊಡಸ್ತೀರಿ ಅಂತ. ಇಷ್ಟ್ ದಿನ ಮನಿ ನಡಿಸಿದ ಮನಷ್ಯಾ ಸಂಡಾಸಕ್ಕೂ ಮಗನ್ನ ಕರೀಬೇಕು ಅನ್ನೂ ಸಂಕಟ ಐತೆಲ್ಲಾ, ಅದರ ಮುಂದ ಕೈ ಎಷ್ಟ್ ಮ್ಯಾಲೆ ಏಳತೈತಿ ಅನ್ನೂದು ಸಣ್ಣ ಮಾತ್ರಿ.

ಅದಕ್ಕ ಮೊದ್ಲ ಕಲಸೂದು ಕುಂತಲ್ಲಿಂದ ಏಳೂದು. ಎರಡೂ ಪಾದ ಹಿಂದಕ್ಕ ಎಳ್ಕೊಂಡು, ಮೂಗು ಕಾಲ್ಬೆರಳ ದಾಟೂವಷ್ಟು ಮುಂದ ಬಗ್ಗಿ, ಆಮ್ಯಾಲೆ ಏಳಬೇಕು, ನೆಟ್ಟಗ ಕುಂತು ಹಂಗ ಏಳಾಕ ಹೋದ್ರ ಹಿಂದ ಬೀಳ್ತಾರ. ಅಂಗಿ ಹಾಕೂಮುಂದ ಬಿದ್ದ ಕೈ ಮೊದ್ಲ, ತಗ್ಯೂಮುಂದ ಚಲೋ ಕೈ ಮೊದ್ಲ. ನಡಿಯೂಮುಂದ ಬಡಿಗಿ ಚಲೋ ಕೈಯಾಗ. ನೆಲದ ಸಂಡಾಸದ ಮ್ಯಾಲೆ ಇಡೋ ಕಮೋಡ್ ಕುರ್ಚಿ ಸಿಗ್ತಾವು, ಎಡಗೈಗೆ ನಿಲುಕೂವಂಗ ಗ್ವಾಡಿಗೆ ಒಂದು ಸ್ಟೀಲ್ ಹಿಡಿಕಿ ಹಾಕಸ್ರಿ.

ದಯವಿಟ್ಟು ಬಿದ್ದ ಕೈ ಜಗ್ಗಿ ಎಬ್ಬಿಸಬ್ಯಾಡ್ರಿ. ಭುಜದ ಕೀಲು ಸಡ್ಲ ಆಗಿರ್ತೈತಿ, ಒಮ್ಮೆ ನೋವು ಹತ್ತಿದ್ರ ಅವ್ರು ಎಕ್ಸರ್‌ಸೈಜ್ ಬ್ಯಾಡ ಅಂತ ಕುಂತ ಬಿಡ್ತಾರ. ಮ್ಯಾಲೆ ಜಂತಿಗೆ ಗಾಲಿ ಕಟ್ಟಿ ಹಗ್ಗ ಜಗ್ಗಸೂದು ನಮ್ಮ ಕಡಿ ಭಾಳ ಮನ್ಯಾಗ ನೋಡ್ತೀನಿ, ಅದನ್ನೂ ಬಿಚ್ರಿ.

ಊಟದ್ದು ಬ್ಯಾರೆನ ತ್ರಾಸ. ಬಲಗೈ ಬಿದ್ದೈತಿ, ಎಡಗೈಲೆ ಉಣ್ಣೂದು ಹೆಂಗ ಅಂತ ಹಿರ್ಯಾರು ತಾಟಿಗೆ ಕೈನ ಹಚ್ಚಂಗಿಲ್ಲ, ಮನ್ಯಾವ್ರು ರೊಟ್ಟಿ ಮುರದು ಪಲ್ಯಾ ಹಚ್ಚಿ ಬಾಯಾಗ ಇಡ್ತಾರ. ಪ್ರೀತಿಲೇನ ಮಾಡ್ತಾರ, ಆದ್ರ ಅವ್ರ ಕೈಲಾಗೂ ಕೆಲ್ಸಾನೂ ಅಲ್ಲೇ ಹೋಗಿಬಿಡ್ತೈತಿ. ಅಂಚಿರೋ ತಾಟು ಇಟ್ಟು, ಅದು ಸರೀಬಾರ್ದಂಗ ಬುಡಕ ಒಂದು ಹಸಿ ಅರಿವಿ ಹಾಸಿ, ಎಡಗೈಗೆ ಚಮಚಾ ಕೊಟ್ಟು ದೂರ ಕುಂದರ್ರಿ. ಚೆಲ್ತಾರ, ಚೆಲ್ಲಲಿ. ಮೊದ್ಲ ತಾಸುಗಟ್ಲೆ ಹಿಡೀತೈತಿ, ಗಡಿಬಿಡಿ ಮಾಡಬ್ಯಾಡ್ರಿ. ಬಲಗೈ ಸ್ವಲ್ಪನಾರ ಅಲಗಾಡಾಕ ಹತ್ತಿದ ಕೂಡ್ಲೆ ಅದಕ್ಕೂ ಕೆಲ್ಸ ಹಚ್ರಿ, ತಾಟು ಹಿಡಿಯೂದೋ ಬಟ್ಲಾ ಸರಸೂದೋ.

ಮಾತು ನಿಂತದ್ದಕ್ಕ ಬುದ್ಧಿ ಹೋಗೈತಿ ಅಂತ ತಿಳ್ಕೊಬ್ಯಾಡ್ರಿ, ಅವ್ರ ಎದುರಿಗೇ ಅವ್ರ ಬಗ್ಗೆ ಏನೇನರ ಮಾತಾಡಬ್ಯಾಡ್ರಿ. ಹಳೇ ಹುಬ್ಬಳ್ಳಿಯ ಒಬ್ರು ಅಜ್ಜಾರಿಗೆ ಹೆಂಡ್ತಿ ಹೆಸ್ರೂ ಬರ್ತಿದ್ದಿಲ್ಲ, ಬಾಯಿ ತಗದ್ರ ಬರೇ "ಅದ ಅದ" ಅಂತಿದ್ರು. ಒಂದಿನ ಅಜ್ಜಿ ಸಂಜಿಮುಂದ ದೀಪಾ ಹಚ್ಚಿ ಸಿದ್ಧಾರೂಢ ಮಠದಾಗ ಹೇಳೂ ಧಾಟಿಲೆ ಓಂ ನಮಃ ಶಿವಾಯ ಶುರು ಮಾಡಿದ್ರು, ಅಜ್ಜಾರು ಅವ್ರ ಸಂಗಾಟ ಸ್ಪಷ್ಟ ಹೇಳಿಬಿಟ್ರು, ನಾ ಅಲ್ಲೇ ಇದ್ದೆ. ಹಾಡು, ಮಂತ್ರ, ಒಂದ್ ಎರಡ್ ಎಣಸೂದು, ಇಂಥವು ಮಾತು ಬಿದ್ದವ್ರಿಗೂ ಎಷ್ಟೋ ಸಲ ಬರ್ತಾವು. ಸ್ಪೀಚ್ ಥೆರಪಿಸ್ಟ್ ಆ ಧಾಟಿ ಹಿಡದನ "ನೀರು ಬೇಕು" ಅನ್ನೂವಂಥ ಸಣ್ಣ ಮಾತು ಕಲಸ್ತಾರ.

ಎಲ್ಲಾ ತಿರುಗಿ ಬರ್ತೈತಿ ಅಂತ ನಾ ಯಾರಿಗೂ ಹೇಳಂಗಿಲ್ಲ. ಕಾಲು ಬರೂವಷ್ಟು ಲಗೂನ ಕೈ ಬರಂಗಿಲ್ಲ, ಬೆರಳಿನ ನಾಜೂಕ ಕೆಲ್ಸ ಕೆಲವ್ರಿಗೆ ಬರೂದ ಇಲ್ಲ. ಸುಮಾರು ಮೂರ್ ಮಂದ್ಯಾಗ ಒಬ್ರಿಗೆ ಡಿಪ್ರೆಶನ್ ಆಗ್ತೈತಿ, ಸುಮ್ನ ಗ್ವಾಡಿ ಕಡಿ ಹೊಳ್ಳಿ ಮಲಗ್ತಾರ, ಮನ್ಯಾವ್ರು ಆಲಸ್ಯಾ ಅಂತ ಬೈತಾರ. ಹಂಗಿದ್ರ ಡಾಕ್ಟರಿಗೆ ಹೇಳ್ರಿ, ಧಾರವಾಡದಾಗ ಡಿಮ್ಹಾನ್ಸ್ ಅಂತ ಮನೋರೋಗದ ಸರ್ಕಾರಿ ದವಾಖಾನಿ ಐತಿ, ಅದಕ್ಕೂ ಔಷಧ ಐತಿ.

ರೊಕ್ಕದ ಚಿಂತಿ ಇದ್ರ ಸರ್ಕಾರಿ ದವಾಖಾನಿಗಳಾದ ಗದಗಿನ ಜಿಮ್ಸ್‌ನಾಗ ಇಲ್ಲಾ ಹುಬ್ಬಳ್ಳಿ ಕಿಮ್ಸ್‌ನಾಗ (ಈಗ ಕೆಎಂಸಿಆರ್‌ಐ ಅಂತ ಹೆಸ್ರು) ಮೊದ್ಲ ಕೇಳ್ರಿ. ದಿನಾ ಓಡಾಡಾಕ ಆಗಂಗಿಲ್ಲ ಅಂದ್ರ ಆಗಾಗ ಹೋಗಿ ಕಲ್ತು ಬಂದು ಮನ್ಯಾಗ ಮಾಡಸ್ರಿ, ಬಿಪಿ ಶುಗರ್ ಗುಳಗಿ ಮಾತ್ರ ಒಂದಿನಾನೂ ತಪ್ಪಸಬ್ಯಾಡ್ರಿ. ಮತ್ತ ನೀರು ಕುಡಿಯೂಮುಂದ ಅಪ್ಪಾರಿಗೆ ಕೆಮ್ಮು ಬರ್ತೈತೇನು, ಕುಡದ ಮ್ಯಾಲೆ ದನಿ ಗೊರಗೊರ ಆಗ್ತೈತೇನು ಅಂತ ನೀವು ಬರದಿಲ್ಲ. ಹಂಗಿದ್ರ ನೀರು ಪುಪ್ಪಸಕ್ಕ ಹೋಗಿ ನ್ಯುಮೋನಿಯಾ ಆಗಬಹುದು, ಎಕ್ಸರ್‌ಸೈಜ್‌ಗಿಂತ ಮೊದ್ಲ ಅದನ್ನ ನಾಳೇನ ತೋರಸ್ರಿ, ಅಲ್ಲೀತನಕಾ ಮಲಗಿಸಿ ಏನೂ ಕುಡಸಬ್ಯಾಡ್ರಿ.