ಶಿಕ್ಷಕರ ಪ್ರಶ್ನೋತ್ತರ: ಅಂಕ, ಗುಟ್ಟು, ಟ್ಯೂಷನ್

ಪ್ರಶ್ನೆ: ಎಸ್ಸೆಸ್ಸೆಲ್ಸಿ ಮಕ್ಕಳಿಗೆಲ್ಲ ಆಂತರಿಕ ಅಂಕ 18ರ ಮೇಲೆಯೇ ಇರಲಿ ಎನ್ನುತ್ತಾರೆ ನಮ್ಮ ಮುಖ್ಯ ಶಿಕ್ಷಕರು. ‘ನಿಮ್ಮ ಗಂಟೇನು ಹೋಗುತ್ತದೆ’ ಎಂದೂ ಕೇಳುತ್ತಾರೆ. ಏನು ಮಾಡಲಿ?
– ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಗಂಟು ಹೋಗುವುದು ಮಗುವಿನದು. ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ 20 ಆಂತರಿಕ ಅಂಕ ಇಟ್ಟಿರುವುದು ಮಗು ವರ್ಷವಿಡೀ ಮಾಡಿದ ಕೆಲಸಕ್ಕೆ. ಕಣ್ಣುಮುಚ್ಚಿ ಹಂಚಿದರೆ ‘ಎಲ್ಲ ಸರಿಯಿದೆ’ ಎಂಬ ಸುಳ್ಳು ಸುದ್ದಿ ಮನೆಗೆ ಹೋಗುತ್ತದೆ. ವಿದ್ಯುತ್ ಮಂಡಲದ ಚಿತ್ರ ಬರೆಯಲು ಬಾರದ ಹುಡುಗನಿಗೆ ನವೆಂಬರಿನಲ್ಲೇ ಸಿಗಬೇಕಿದ್ದ ಪರಿಹಾರ ಬೋಧನೆ ಸಿಗುವುದಿಲ್ಲ. ಕೊನೆಗೆ ಬರಹದ ಪರೀಕ್ಷೆಯ 80ಕ್ಕೆ 14ರ ಪಕ್ಕದಲ್ಲಿ ನಿಮ್ಮ 20ಕ್ಕೆ 19 ನಿಂತಿರುತ್ತದೆ. ನಕಲು ತಡೆಯಲು ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದ ನೇರ ನಿಗಾ) ಬಂದ 2024ರಲ್ಲಿ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿದದ್ದು ನೆನಪಿರಲಿ. ಅದೂ ಕೃಪಾಂಕ ಹೆಚ್ಚಿಸಿದ ಮೇಲೆ.

ಒತ್ತಡಕ್ಕೆ ಜಾಗ ಸಿಗುವುದು ಖಾಲಿ ವಹಿಯಲ್ಲಿ. ವರ್ಷದ ನಾಲ್ಕೂ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕಗಳನ್ನು ಫೆಬ್ರುವರಿಯಲ್ಲಿ ಕೂತು ಒಟ್ಟಿಗೆ ತುಂಬುವವರು ಯಾರ ಮಾತನ್ನೂ ತಡೆಯಲಾರರು. ಕಿರುಪರೀಕ್ಷೆ ತಿದ್ದಿದ ದಿನವೇ ಶಾಯಿಯಲ್ಲಿ ಏರಿಸಿ, ತಾರೀಖು ಹಾಕಿ, ಮಕ್ಕಳಿಗೆ ತೋರಿಸಿ. ತಪ್ಪಾದರೆ ವೈಟ್ನರ್ ಬೇಡ. ಒಂದೇ ಗೆರೆ ಎಳೆದು, ಮೇಲೆ ಸರಿಯಂಕ ಬರೆದು ಚಿಕ್ಕ ಸಹಿ ಮಾಡಿ. ಉತ್ತರ ಪತ್ರಿಕೆ, ಯೋಜನಾ ಪುಸ್ತಕ ಜೋಪಾನವಾಗಿರಲಿ.

ಮುಖ್ಯ ಶಿಕ್ಷಕರಿಗೆ ಬರೀ ‘ಆಗಲ್ಲ ಸರ್’ ಎನ್ನುವ ಬದಲು ಮರುಪರೀಕ್ಷೆಯ ದಾರಿ ತೋರಿಸಿ: ಹಿಂದುಳಿದವರಿಗೆ ಒಂದು ವಾರ ಅದೇ ಅಂಶಗಳ ಪಾಠ, ಆಮೇಲೆ ಬೇರೆ ಪ್ರಶ್ನೆಗಳು, ಗಳಿಸಿದಷ್ಟು ಅಂಕ. ಆದರೂ ಪಟ್ಟು ಹಿಡಿದರೆ ಲಿಖಿತ ಸೂಚನೆ ಕೇಳಿ. ಬಾಯಿಮಾತಿನ ಎಷ್ಟೋ ಆದೇಶಗಳು ಅಲ್ಲಿಗೇ ತಣ್ಣಗಾಗುತ್ತವೆ. ಅಂದಹಾಗೆ, ‘ಎದುರು ಮಾತಾಡಿದ’ ಎಂದು ಎರಡಂಕ ಕಿತ್ತುಕೊಳ್ಳುವುದೂ ಇದೇ ಜಾತಿಯ ತಪ್ಪು. ಅದನ್ನು ಶಿಸ್ತು ಎಂದು ಕರೆಯುವವರು ಸ್ಟಾಫ್ ರೂಮಿನಲ್ಲಿ ಕಡಿಮೆಯೇನಿಲ್ಲ.

ಪ್ರಶ್ನೆ: ಏಳನೇ ತರಗತಿಯ ಹುಡುಗಿಯೊಬ್ಬಳು ನೆಂಟನೊಬ್ಬ ಮೈಮುಟ್ಟುವ ವಿಷಯ ಹೇಳಿ, ‘ಯಾರಿಗೂ ಹೇಳ್ಬೇಡಿ ಮಿಸ್’ ಎಂದಳು. ಮಾತು ಉಳಿಸಿಕೊಳ್ಳಬೇಕೇ?
– ಶಿಕ್ಷಕಿ, ಮಂಡ್ಯ

ಉತ್ತರ: ಇಲ್ಲ. ಗುಟ್ಟು ಕಾಯುವುದು ನಮ್ಮ ವೃತ್ತಿಧರ್ಮ ನಿಜ, ಆದರೆ ಇಲ್ಲಿ ಕಾನೂನು ಬಾಯಿ ತೆರೆಯಲು ಹೇಳುತ್ತದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಮುಖ್ಯ ಶಿಕ್ಷಕರ ಕಿವಿಗೆ ಹಾಕಿದರೆ ನಿಮ್ಮ ಹೊಣೆ ಮುಗಿಯುವುದಿಲ್ಲ.

ಅವಳಿಗೆ ಸುಳ್ಳು ಭರವಸೆ ಕೊಡಬೇಡಿ. ‘ನೀನು ಹೇಳಿದ್ದು ಒಳ್ಳೇದಾಯ್ತು, ನಿನ್ನದೇನೂ ತಪ್ಪಿಲ್ಲ, ನಿನ್ನನ್ನು ಕಾಪಾಡುವವರಿಗೆ ಮಾತ್ರ ಹೇಳ್ತೀನಿ’ ಎನ್ನಿ. ಅವಳ ಮಾತನ್ನು ಅವಳದೇ ಪದಗಳಲ್ಲಿ, ದಿನ–ಹೊತ್ತಿನ ಸಮೇತ ಬರೆದಿಡಿ. ಹೆಚ್ಚಾಗುವ ತಪ್ಪು ಇಲ್ಲಿಯೇ: ಒಬ್ಬೊಬ್ಬರೂ ಕರೆದು ಮತ್ತೆ ಮತ್ತೆ ಕೇಳುತ್ತಾರೆ, ಮಗು ಹೆದರಿ ಮಾತು ಬದಲಿಸುತ್ತದೆ. ಆ ನೆಂಟನನ್ನು ಕರೆಸಿ ಪಂಚಾಯ್ತಿ ಮಾಡಲೇಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಅವಳ ಹೆಸರು ಸ್ಟಾಫ್ ರೂಮಿಗೆ ಬರಕೂಡದು.

ಪ್ರಶ್ನೆ: ಖಾಸಗಿ ಶಾಲೆಯ ಸಂಬಳ ಸಾಲದು. ಸಂಜೆ ನನ್ನದೇ ಆರನೇ ತರಗತಿಯ ಮಕ್ಕಳಿಗೆ ಟ್ಯೂಷನ್ ಹೇಳಿದರೆ ತಪ್ಪೇ?
– ಗಣಿತ ಶಿಕ್ಷಕ, ತುಮಕೂರು

ಉತ್ತರ: ತಪ್ಪು. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರ ಖಾಸಗಿ ಟ್ಯೂಷನ್ ನಿಷೇಧಿಸಿದೆ. ಸಂಬಳ ಕಡಿಮೆ ಎಂಬುದಕ್ಕೆ ಅಲ್ಲಿ ವಿನಾಯಿತಿ ಇಲ್ಲ. ಸಂಬಳದ ಸಂಕಟ ನಿಜವೇ, ಅದನ್ನು ಆಡಳಿತ ಮಂಡಳಿಯ ಮುಂದಿಡಿ. ಅಂಕ ಹಾಕುವ ಕೈಯೇ ಫೀಸು ಪಡೆಯುವಾಗ ‘ನಮ್ಮ ಮಗ ಬರಲ್ಲ ಸರ್’ ಎನ್ನುವ ಧೈರ್ಯ ಎಷ್ಟು ಪೋಷಕರಿಗಿದ್ದೀತು? ತರಗತಿಯಲ್ಲಿ ಭಿನ್ನರಾಶಿಯನ್ನು ಅರ್ಧಕ್ಕೆ ಬಿಟ್ಟು ಸಂಜೆ ಮುಗಿಸುವ ಚಾಳಿಯೂ ಹುಟ್ಟುವುದು ಹೀಗೆಯೇ.

ಪ್ರಶ್ನೆ: ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಇಡೀ ತರಗತಿಯ ಅಂಕಪಟ್ಟಿ ಹಾಕಬಹುದೇ?
– ಶಿಕ್ಷಕಿ, ಶಿರಸಿ

ಉತ್ತರ: ಬೇಡ. ಆಯಾ ಮಗುವಿನ ಅಂಕ ಆಯಾ ಮನೆಗೆ ಮಾತ್ರ. ಗುಂಪಿಗೆ ಪರೀಕ್ಷೆಯ ವೇಳಾಪಟ್ಟಿ, ಪೋಷಕರ ಸಭೆಯ ದಿನ ಹಾಕಿ.